ಇಪ್ಪತ್ತು ಪೊಟ್ಟಣ, ನಲವತ್ತು ಉಂಡೆ

"ಅಲ್ಲಾಡಬೇಡಿ… ದಯವಿಟ್ಟು ಕಾಲು ಮಾತ್ರ ಎತ್ತಬೇಡಿ."

ಮದ್ದೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ, ನಡುಮಧ್ಯಾಹ್ನ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಮಂಡಿಯೂರಿ ಕೂತು ಎದುರಿಗಿರುವವಳ ಪಾದವನ್ನೇ ನೋಡುತ್ತಾ ಹೀಗಂದರೆ ಯಾವ ಹುಡುಗಿಗೆ ತಾನೆ ಸಿಟ್ಟು ಬರುವುದಿಲ್ಲ? ಚೂಡಾಮಣಿಗೂ ಬಂತು. ಚಿಕ್ಕಮ್ಮನನ್ನು ಮೈಸೂರಿನ ರೈಲಿಗೆ ಹತ್ತಿಸಿ, ಪುರಿಯ ಪೊಟ್ಟಣ ಹಿಡಿದು ಮನೆಗೆ ಹೊರಟಿದ್ದವಳು ಅವಳು. ಗದರಲು ಬಾಯಿ ತೆರೆದು, ಕೆಳಗೆ ನೋಡಿ ಸುಮ್ಮನಾದಳು.

ಅವಳ ಚಪ್ಪಲಿಯ ಮೇಲೆ ಒಂದು ಬಿಳಿ ಇಲಿ ಕೂತಿತ್ತು.

ಅದೊಂದೇ ಅಲ್ಲ. ಬೆಂಚಿನ ಕೆಳಗೆ ಎರಡು, ತೂಕದ ಮೆಷಿನ್ನಿನ ಪಕ್ಕ ಒಂದು… ಅವನ ಬಿದಿರು ಬುಟ್ಟಿಯ ಮುಚ್ಚಳ ಕಿತ್ತುಬಂದು ಒಂದು ಡಜನ್ ಇಲಿಗಳು ಊರು ನೋಡಲು ಹೊರಟಿದ್ದವು. ವಡೆ ಮಾರುವವರು ತಟ್ಟೆಗಳನ್ನು ತಲೆಯ ಮೇಲೇರಿಸಿಕೊಂಡಿದ್ದರು. ಒಬ್ಬ ಅಜ್ಜ ಮಾತ್ರ ಗಣಪತಿಯ ವಾಹನವೆಂದು ಕೈ ಮುಗಿದು ನಿಂತಿದ್ದ.

ಚೂಡಾಮಣಿ ನಿಧಾನವಾಗಿ ಬಗ್ಗಿದಳು. ನಾಲ್ಕು ಕಾಳು ಪುರಿ ಮುಂದೆ ಹಿಡಿದಳು. ಇಲಿ ಮೂಸಿತು, ಕೈಗೆ ಹತ್ತಿತು. ಸೆರಗಿನಲ್ಲಿ ಮೆತ್ತಗೆ ಸುತ್ತಿ ಬುಟ್ಟಿಗೆ ಬಿಟ್ಟಳು. ಅರ್ಧ ಗಂಟೆಯಲ್ಲಿ ಹನ್ನೆರಡೂ ಒಳಗೆ ಸೇರಿದವು. ಒಂದರ ಬಾಲದ ತುದಿ ಮುಚ್ಚಳಕ್ಕೆ ಸಿಕ್ಕಿ ಮೊಂಡಾಗಿತ್ತು.

"ನಿಮಗೆ ಹೆದರಿಕೆ ಆಗಲ್ವಾ?" ಬೆವರು ಒರೆಸಿಕೊಳ್ಳುತ್ತಾ ಕೇಳಿದ ಅವನು.

"ನಮ್ಮಮ್ಮ ಮದುವೆ ಅಡಿಗೆ ಮಾಡೋರು. ನಾನು ಉಗ್ರಾಣದಲ್ಲೇ ಬೆಳೆದವಳು. ಇಲಿಗೆ ಹೆದರಿದ್ರೆ ಅಕ್ಕಿ ಅಳೆಯೋಕಾಗುತ್ತಾ?"

ಅವನು ನಕ್ಕ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. 'ಇಷ್ಟೊಂದು ನಗುವುದಕ್ಕೆ ನಾನೇನು ಹೇಳಿದೆ?' ಅಂದುಕೊಂಡಳು ಚೂಡಾಮಣಿ. ಅಂದುಕೊಂಡದ್ದು ಅಷ್ಟೇ, ದಾರಿಯುದ್ದಕ್ಕೂ ಆ ಮುಚ್ಚಿದ ಕಣ್ಣುಗಳು ಅವಳ ಜೊತೆಗೇ ಬಂದವು.

*

ಅವನ ಹೆಸರು ಡಾಕ್ಟರ್ ಪುಟ್ಟಸ್ವಾಮಿ. ಹಲಗೂರಿನ ರೈತರ ಮನೆಯ ಹುಡುಗ, ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಇಲಿಗಳು ಅವನ ಗುರು ಪ್ರೊಫೆಸರ್ ಅನಂತರಾಮು ಅವರ ಮನೆಗೆ ಹೊರಟಿದ್ದವು. ರಿಟೈರಾದವರೆಲ್ಲ ಹಿತ್ತಲಲ್ಲಿ ದಾಸವಾಳ ಬೆಳೆಸಿದರೆ ಈ ಪುಣ್ಯಾತ್ಮರು ಮದ್ದೂರಿನ ತಮ್ಮ ಹಿತ್ತಲಿನ ಕೋಣೆಯಲ್ಲಿ ಇಲಿ ಸಾಕುತ್ತಿದ್ದರು. ಬೆಂಗಳೂರಿನ ಔಷಧಿ ಕಂಪನಿಯೊಂದು ಅವರಿಗೆ ಒಂದು ಹಳದಿ ಪುಡಿ ಕಳಿಸಿತ್ತು. ಅದಕ್ಕೆ ಹೆಸರಿರಲಿಲ್ಲ, ಮೂವತ್ತೇಳು ಎಂಬ ನಂಬರಿತ್ತು.

ಇಲಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಅಮ್ಮನ ಜೊತೆ ಹಪ್ಪಳ ಒತ್ತುತ್ತಿದ್ದ ಚೂಡಾಮಣಿಗೆ ಕೆಲಸ ಸಿಕ್ಕಿತು. ಅದು ೧೯೭೭ರ ಬೇಸಿಗೆ.

ಭಾನುವಾರವಾದರೆ ಸಾಕು, ಪುಟ್ಟಸ್ವಾಮಿ ಮಳವಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದ. ಇಲಿಗಳಿಗೆ ರಾಗಿ ಹಿಟ್ಟು, ಹುರಿಗಡಲೆ ಹಿಟ್ಟು ಕಲಸಿ ಉಂಡೆ ಮಾಡುವುದು ಚೂಡಾಮಣಿಯದೇ ಏರ್ಪಾಡು. ಅವಳು ಉಂಡೆ ಕಟ್ಟುವುದನ್ನು ಅವನು ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಇವುಗಳಿಗೆ ನೀವು ಏನು ಮಾಡ್ತೀರಿ ಡಾಕ್ಟ್ರೇ?" ಒಂದು ದಿನ ಕೇಳಿದಳು.

"ಪಿತ್ತಜನಕಾಂಗ ಇದೆಯಲ್ಲ, ಲಿವರ್ರು… ಅದರಲ್ಲಿ ಮೂರು ಪಾಲಿಗೆ ಎರಡು ಪಾಲು ಕತ್ತರಿಸಿ ತೆಗೀತೀನಿ."

ಉಂಡೆ ಕಟ್ಟುತ್ತಿದ್ದ ಅವಳ ಕೈ ನಿಂತಿತು.

"ಹೆದರಬೇಡಿ. ಉಳಿದ ಒಂದು ಪಾಲು ಮತ್ತೆ ಬೆಳೆದು ಮೊದಲಿನಷ್ಟೇ ಆಗುತ್ತೆ. ಇಲಿಗೂ ಅಷ್ಟೆ, ಮನುಷ್ಯರಿಗೂ ಅಷ್ಟೆ."

"ತಾನಾಗೇ ಬೆಳೆಯೋದಾದ್ರೆ ಔಷಧಿ ಯಾಕೆ?"

ಅವನು ಬಾಗಿಲು ಬಿಟ್ಟು ಬಂದು ಗೂಡುಗಳ ಪಕ್ಕ ಕೂತ.

"ಬೆಳೆಯೋಕೆ ದಿನ ಬೇಕು. ಕೆಲವರ ಹತ್ತಿರ ಅಷ್ಟು ದಿನ ಇರಲ್ಲ… ನಮ್ಮಪ್ಪನಿಗೆ ಲಿವರ್ರಲ್ಲಿ ಗಡ್ಡೆ ಆಗಿತ್ತು. ಬೆಂಗಳೂರಲ್ಲಿ ಆಪರೇಷನ್ ಮಾಡಿ ಅರ್ಧಕ್ಕೂ ಹೆಚ್ಚು ತೆಗೆದ್ರು. ಆಪರೇಷನ್ ಚೆನ್ನಾಗೇ ಆಯ್ತು. ಉಳಿದದ್ದು ಬೆಳೆಯೋದರೊಳಗೆ ಹನ್ನೊಂದನೇ ದಿನ ಹೋಗಿಬಿಟ್ಟ. ಆಪರೇಷನ್ ಆದ ಮೇಲೆ ಅದನ್ನ ಬೇಗ ಬೆಳೆಸೋ ಮದ್ದೊಂದು ಇದ್ದಿದ್ರೆ ಅಂತ… ಪರದೇಶದಲ್ಲಿ ಇನ್ಸುಲಿನ್ನು ಅದು ಇದು ಕೊಟ್ಟು ನೋಡ್ತಾ ಇದಾರೆ. ನಾವು ಈ ಪುಡಿ ನೋಡ್ತಾ ಇದೀವಿ."

ಚೂಡಾಮಣಿಗೂ ಅಪ್ಪನಿರಲಿಲ್ಲ. ಅವಳು ಇನ್ನೊಂದು ಉಂಡೆ ಕಟ್ಟಿದಳು. ಮನಸ್ಸು ಯಾವತ್ತು ಅವನ ಕಡೆ ಜಾರಿತು ಎಂದು ಯಾರಾದರೂ ಕೇಳಿದ್ದರೆ ಈ ಭಾನುವಾರವೇ ಎಂದು ಹೇಳುತ್ತಿದ್ದಳೋ ಏನೋ. ಆದರೆ ಕೇಳುವವರು ಯಾರು? ಗುಡಿ ಬೀದಿಯ ಅಯ್ಯಂಗಾರರ ಹುಡುಗಿ, ಹಲಗೂರಿನ ಗೌಡರ ಹುಡುಗ. ತನ್ನನ್ನು ತಾನೇ ಕೇಳಿಕೊಳ್ಳುವುದಕ್ಕೂ ಅವಳು ಹೆದರಿದಳು.

*

ಜುಲೈನಲ್ಲಿ ಪುಟ್ಟಸ್ವಾಮಿ ಒಂದು ವಾರ ರಜ ಹಾಕಿ ಬಂದ. ಅಷ್ಟರಲ್ಲಿ ಇನ್ನೂ ಎರಡು ಬುಟ್ಟಿ ಬಂದು ಇಲಿಗಳು ನಲವತ್ತಾಗಿದ್ದವು. ಬೆಳಗಿನಿಂದ ಸಂಜೆಯವರೆಗೆ ಕೂತು ಅವಕ್ಕೆ ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಆಪರೇಷನ್ ಮಾಡಿದ. ಇಪ್ಪತ್ತು ಇಲಿ ಎಡಗಡೆಯ ಗೂಡುಗಳಿಗೆ, ಇಪ್ಪತ್ತು ಬಲಗಡೆಯ ಗೂಡುಗಳಿಗೆ.

"ದಿನಕ್ಕೆ ಇಪ್ಪತ್ತು ಪೊಟ್ಟಣ ಪುಡಿ ತೂಗಿ ಇಟ್ಟಿರ್ತೀನಿ," ಎಂದ. "ಎಡಗಡೆಯವಕ್ಕೆ ಒಂದು ಉಂಡೆಗೆ ಒಂದು ಪೊಟ್ಟಣ. ಬಲಗಡೆಯವಕ್ಕೆ ಬರೀ ರಾಗಿ. ಮೂರನೇ ದಿನ ಯಾರ ಲಿವರ್ರು ಎಷ್ಟು ಬೆಳೆದಿದೆ ಅಂತ ತೂಗಿ ನೋಡೋದು."

ಸರಿ ಎಂದಳು. ಸಂಜೆ ಉಂಡೆ ಕಟ್ಟಿಕೊಂಡು ಕೋಣೆಗೆ ಹೋದಳು. ಎಡಗಡೆಯವು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮುದುರಿ ಕೂತಿದ್ದವು. ಬಲಗಡೆಯವೂ ಹಾಗೇ ಕೂತಿದ್ದವು. ಬಲಗಡೆಯ ಮೂರನೇ ಗೂಡಿನಲ್ಲಿ ಮೊಂಡುಬಾಲದ ಇಲಿ ನಡುಗುತ್ತಾ ಅವಳ ಕೈಯನ್ನೇ ನೋಡುತ್ತಿತ್ತು.

ಚೂಡಾಮಣಿಗೆ ಅಪ್ಪ ನೆನಪಾದ.

ಅಪ್ಪ ಪಾರ್ಥಸಾರಥಿ ಮದುವೆ ಮನೆಗಳಲ್ಲಿ ಬಡಿಸುವವನು. ಒಮ್ಮೆ ಮಂಡ್ಯದ ದೊಡ್ಡವರೊಬ್ಬರ ಮನೆಯಲ್ಲಿ ಯಜಮಾನ ಬಂದು, ಇಗೋ ಈ ತುದಿಯವರಿಗೆ ತುಪ್ಪ ಬಡಿಸು, ಆ ತುದಿಯಲ್ಲಿರೋರು ನಮ್ಮ ಕಡೆ ಬಡವರು, ಬೇಡ ಎಂದು ಕಿವಿಯಲ್ಲಿ ಹೇಳಿದ. ಅಪ್ಪ ತುಪ್ಪದ ಗಿಂಡಿಯನ್ನು ನೆಲಕ್ಕಿಟ್ಟ. "ಒಂದು ಪಂಕ್ತಿ ಅಂತ ಕೂರಿಸಿದ ಮೇಲೆ ಎಲೆ ನೋಡಿ ಬಡಿಸ್ತೀನಿ, ಮುಖ ನೋಡಿ ಬಡಿಸಲ್ಲ" ಎಂದು ಹೇಳಿ, ಆ ತುದಿಯ ಕೊನೆಯ ಎಲೆಯಲ್ಲಿ ಕೂತಿದ್ದ ಹೆಂಡತಿ ಮಗಳನ್ನು ಎಬ್ಬಿಸಿಕೊಂಡು ಹೊರಟುಬಂದ. ಆಮೇಲೆ ಆ ಕಡೆಯಿಂದ ಅವನಿಗೆ ಕೆಲಸವೇ ಬರಲಿಲ್ಲ. ಅದಕ್ಕಾಗಿ ಅಪ್ಪ ಒಂದು ದಿನವೂ ಬೇಸರ ಪಟ್ಟವನಲ್ಲ. ಪಂಕ್ತಿಭೇದ ಮಾಡಿದ ಕೈಯಲ್ಲಿ ಅನ್ನ ಬೇಯುವುದಿಲ್ಲ ಎಂದು ಮಗಳಿಗೆ ಹೇಳುತ್ತಿದ್ದ.

'ಇವೂ ಒಂದೇ ಪಂಕ್ತಿಯವಲ್ಲವೇ? ಒಂದೇ ಕೋಣೆಯಲ್ಲಿ ಬೆಳೆದವು, ಒಂದೇ ನೋವು ತಿಂದವು… ಎಲ್ಲ ಬದುಕಿ ಬೆಳೆದರೆ ಡಾಕ್ಟರಿಗೂ ಸಂತೋಷವೇ ಅಲ್ಲವೇ?'

ಕೂತು ಇಪ್ಪತ್ತು ಪೊಟ್ಟಣವನ್ನೂ ಬಿಚ್ಚಿದಳು. ಒಂದನ್ನು ಎರಡಾಗಿ ಹಂಚುತ್ತಾ ನಲವತ್ತು ಉಂಡೆಗೂ ಹಾಕಿ ಕಲಸಿದಳು. ಮರುದಿನವೂ ಹಾಗೇ ಮಾಡಿದಳು, ಅದರ ಮರುದಿನವೂ. ಮೊಂಡುಬಾಲದ್ದು ಉಂಡೆ ತಿನ್ನುವುದನ್ನು ನೋಡಿ ಅವಳ ಹೊಟ್ಟೆ ತುಂಬಿತು.

ಮೂರನೇ ದಿನ ಕಳೆಯಿತು. ತೂಗುವುದೆಂದರೆ ಇಲಿಗಳನ್ನು ಕೊಂದು ತೂಗುವುದು ಎಂಬುದು ಅವಳಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಬಾವಿಕಟ್ಟೆಗೆ ಹೋಗಿ ತಟ್ಟೆ ತೊಳೆಯುತ್ತಾ ಕೂತಳು. ತೊಳೆದ ತಟ್ಟೆಗಳನ್ನು ಹಿಡಿದು ಬಾಗಿಲಿಗೆ ಬಂದಾಗ ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು.

"ವ್ಯತ್ಯಾಸವೇ ಇಲ್ಲ ಪುಟ್ಟಸ್ವಾಮಿ. ಎಡಗಡೆಯದೂ ಐದೂಕಾಲು ಗ್ರಾಂ, ಬಲಗಡೆಯದೂ ಐದೂಕಾಲು. ಪುಡಿ ತಿಂದವೂ ಒಂದೇ, ತಿನ್ನದವೂ ಒಂದೇ. ಅಂದ ಮೇಲೆ ಪುಡಿಯಿಂದ ಏನೂ ಆಗಿಲ್ಲ."

"ಇನ್ನೊಂದು ಸಲ ನೋಡೋಣವಾ ಸರ್?"

"ಏನಂತ ನೋಡ್ತೀಯಪ್ಪ? ಕಂಪನಿಗೆ ಬರೆದುಬಿಡ್ತೀನಿ, ಮೂವತ್ತೇಳು ಪ್ರಯೋಜನವಿಲ್ಲ ಅಂತ. ಅವರು ಕಳಿಸೋದು ನಿಲ್ಲಿಸ್ತಾರೆ. ಅಲ್ಲಿಗೆ ಮುಗೀತು."

ಪುಟ್ಟಸ್ವಾಮಿ ತಲೆ ತಗ್ಗಿಸಿ ಕೂತಿದ್ದ. ಬಾಗಿಲಲ್ಲಿದ್ದ ಚೂಡಾಮಣಿಗೆ ಆ ಕ್ಷಣಕ್ಕೆ ಎಲ್ಲವೂ ಅರ್ಥವಾಯಿತು. ಬಲಗಡೆಯವಕ್ಕೆ ಯಾಕೆ ಬರೀ ರಾಗಿ, ತೂಗುವುದು ಯಾವುದನ್ನು ಯಾವುದರ ಜೊತೆ, ತನ್ನ ಕೈ ಏನು ಮಾಡಿತು… ಈಗಲೇ ಹೇಳಬೇಕು ಎಂದು ತುಟಿ ತೆರೆದಳು.

ಅವನೇ ಮೊದಲು ಮಾತಾಡಿದ. "ನೀವು ಬೇಜಾರು ಮಾಡ್ಕೋಬೇಡಿ ಚೂಡಾಮಣಿಯವರೇ. ನಿಮ್ಮ ಕಡೆಯಿಂದ ಏನೂ ಕೊರತೆಯಾಗಲಿಲ್ಲ. ಮಕ್ಕಳ ಹಾಗೆ ನೋಡ್ಕೊಂಡ್ರಿ."

ತೆರೆದ ತುಟಿ ಮುಚ್ಚಿತು. ಬೈದಿದ್ದರೆ ಹೇಳಿಬಿಡುತ್ತಿದ್ದಳು. ಹೊಗಳಿದ ಮೇಲೆ ಹೇಳುವುದು ಹೇಗೆ?

*

ಎರಡು ದಿನ ಕಳೆದು ಗುರುವಾರ ಸಂಜೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು ಪುಟ್ಟಸ್ವಾಮಿ ಅವಳ ಮನೆಯ ಮುಂದೆ ನಿಂತಿದ್ದ. ಅವಳ ಮನೆಗೆ ಅವನು ಬಂದದ್ದು ಅದೇ ಮೊದಲು.

ಅಮ್ಮ ಗೋದಮ್ಮ ಹೊರಗೆ ಬಂದಳು. "ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ" ಎಂದಳು. ಕೂರಲು ತೋರಿಸಿದ್ದು ಜಗಲಿಯನ್ನು.

"ರಾಯಚೂರಿಗೆ ವರ್ಗ ಆಗಿದೆ," ಎಂದ ಅವನು. ಕಣ್ಣು ಚೂಡಾಮಣಿಯ ಕಡೆ ಹೋಗಿ ಬಂತು. "ಬೇಡ ಅಂದ್ರೆ ತಪ್ಪಿಸಿಕೊಳ್ಳಬಹುದು. ಹೋಗೋದೋ ಬೇಡವೋ ಅಂತ… ಒಂದು ಮಾತು ಕೇಳೋಣ ಅಂತ ಬಂದೆ."

"ದೊಡ್ಡ ಊರು, ಹೋಗಿ. ಒಳ್ಳೇದಾಗುತ್ತೆ," ಎಂದು ಗೋದಮ್ಮ ಮಾತು ಮುಗಿಸಿದಳು. ಅವನು ಕೇಳಲು ಬಂದಿದ್ದ ಮಾತು ಕೇಳದೆಯೇ ಉಳಿಯಿತು.

ಗೋಡೆಯ ಗೂಡಿನಲ್ಲಿ ಬೇರೆ ಜಾತಿಯವರಿಗೆಂದು ಬೇರೆಯಾಗಿ ಇಟ್ಟಿದ್ದ ಗಾಜಿನ ಲೋಟದಲ್ಲಿ ಕಾಫಿ ಬಂತು. ಅವನು ಕುಡಿದು, ಲೋಟ ಜಗಲಿಯ ಮೇಲಿಟ್ಟು, ನಮಸ್ಕಾರ ಹೇಳಿ ಹೊರಟ.

"ಲೋಟಕ್ಕೆ ನೀರು ಹೊಯ್ದು ಬೋರಲು ಹಾಕಮ್ಮ," ಒಳಗಿನಿಂದ ಗೋದಮ್ಮ ಕೂಗಿದಳು.

ಚೂಡಾಮಣಿ ಚೊಂಬು ತಂದಳು. ಎಷ್ಟೋ ವರ್ಷದ ಅಭ್ಯಾಸ. ಮೇಲಿನಿಂದ, ಕೈ ತಾಗದ ಹಾಗೆ, ಲೋಟಕ್ಕೆ ನೀರು ಹೊಯ್ದಳು. ತಲೆ ಎತ್ತಿದರೆ ಎದುರಿಗೆ ಪುಟ್ಟಸ್ವಾಮಿ ನಿಂತಿದ್ದ.

"ಕೊಡೆ ಮರೆತಿದ್ದೆ," ಎಂದ.

ಕಂಬಕ್ಕೆ ಒರಗಿಸಿದ್ದ ಕೊಡೆ ತೆಗೆದುಕೊಂಡ. ಲೋಟ ನೋಡಿದ. ಅವಳ ಮುಖ ನೋಡಿದ. ಹೊರಟುಹೋದ.

ಚೊಂಬು ಅವಳ ಕೈಯಲ್ಲೇ ಇತ್ತು. ಇಲಿಗಳಿಗೆ ಪಂಕ್ತಿಭೇದ ಮಾಡಲಾರದವಳು ಮನುಷ್ಯನಿಗೆ ಮಾಡಿದಳು. ಎಲ್ಲಿ ಭೇದ ಮಾಡಬೇಕಿತ್ತೋ ಅಲ್ಲಿ ಮಾಡಲಿಲ್ಲ, ಎಲ್ಲಿ ಮಾಡಬಾರದಿತ್ತೋ ಅಲ್ಲಿ ಮಾಡಿದಳು. ನಾಚಿಕೆಯಿಂದ ಮೈಯೆಲ್ಲ ಕಾದುಹೋಯಿತು. ಆ ದಿನ ಊಟ ಸೇರಲಿಲ್ಲ. ಕನ್ನಡಿಯ ಮುಂದೆ ನಿಂತು ತಲೆ ಬಾಚುವುದಕ್ಕೂ ಅವಳಿಗೆ ಮುಖವಿರಲಿಲ್ಲ.

ಶನಿವಾರ ಪ್ರೊಫೆಸರು ಖಾಲಿ ಗೂಡುಗಳನ್ನು ತೊಳೆಸುತ್ತಾ ಹೇಳಿದರು. "ಕಂಪನಿಗೆ ಕಾಗದ ಬರೆದಿಟ್ಟಿದ್ದೀನಿ. ಸೋಮವಾರ ಬೆಳಿಗ್ಗೆ ಟಪಾಲಿಗೆ ಹಾಕ್ತೀನಿ. ಪುಟ್ಟಸ್ವಾಮಿಯೂ ರಾಯಚೂರಿಗೆ ಹೊರಟ. ಪಾಪ, ತಂದೆ ಸತ್ತಾಗಿನಿಂದ ಇದೊಂದೇ ಧ್ಯಾನವಾಗಿತ್ತು ಅವನಿಗೆ."

*

ಭಾನುವಾರ ಬೆಳಿಗ್ಗೆ ಚೂಡಾಮಣಿ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಳು.

"ಎಲ್ಲಿಗೆ?" ಎಂದಳು ಗೋದಮ್ಮ.

"ಹಲಗೂರಿಗೆ. ಡಾಕ್ಟ್ರ ಮನೆಗೆ."

"ತಲೆ ಕೆಟ್ಟಿದೆಯಾ ನಿನಗೆ? ನಾಲ್ಕು ಜನ ನೋಡಿದ್ರೆ ಏನಂತಾರೆ?"

"ತಪ್ಪು ಮಾಡಿದ್ದೀನಿ ಅಮ್ಮ, ಒಂದಲ್ಲ, ಎರಡು. ಹೇಳಿ ಬರ್ತೀನಿ." ಸ್ವಲ್ಪ ತಡೆದಳು. "ಅಪ್ಪ ಇದ್ದಿದ್ರೆ ಆ ಲೋಟಕ್ಕೆ ನೀರು ಹೊಯ್ತಿದ್ರಾ?"

ಗೋದಮ್ಮ ಕೈಯಲ್ಲಿದ್ದ ಮೊರವನ್ನು ಸುಮ್ಮನೆ ತಟ್ಟುತ್ತಾ ನಿಂತಳು.

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹಲಗೂರು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಒಂದು ಸಲವೂ ಕೊನೆ ಮುಟ್ಟಲಿಲ್ಲ.

ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದವರು ಪುಟ್ಟಸ್ವಾಮಿಯ ತಾಯಿ ಅಂಕಮ್ಮ. ಹೆಸರು ಕೇಳಿದ್ದೇ ಎದ್ದು ನಿಂತರು.

"ಓ, ಇಲಿ ನೋಡ್ಕಳೋ ಮಗಳಾ ನೀನು? ಬಾ ಕಣವ್ವ, ಒಳೀಕೆ ಬಾ. ಲೇ ಪುಟ್ಟಾ, ಯಾರ್ ಬಂದವ್ರೆ ನೋಡ್ಲಾ."

ಪಂಚೆಯುಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಬಂದ ಪುಟ್ಟಸ್ವಾಮಿ ಬಾಗಿಲಲ್ಲೇ ನಿಂತುಬಿಟ್ಟ. "ನೀವಾ?" ಎಂದ. ಅಷ್ಟೇ. ಅವನ ಕಣ್ಣಲ್ಲಿ ನಗು ಇರಲಿಲ್ಲ.

ಊಟದ ಹೊತ್ತು. ಅಂಕಮ್ಮ ಮಗನ ತಟ್ಟೆಯನ್ನು ಗೋಡೆಯ ಪಕ್ಕ ಇಟ್ಟು, ಚೂಡಾಮಣಿಗೆ ಆಚೆ ಬದಿಯಲ್ಲಿ ಬೇರೆ ಚಾಪೆ ಹಾಸಿದರು. ಅದರ ಮುಂದೆ ಬಾಳೆಹಣ್ಣು, ಒಂದು ಲೋಟ ಹಾಲು.

"ನೀವು ಅಯ್ನೋರು, ನಮ್ಮಟ್ಟೀಲಿ ಬೇಯ್ಸಿದ್ದು ಉಣ್ಣಾಕಿಲ್ಲ. ಆಲು ಐತೆ, ಅಣ್ಣು ಐತೆ, ತಕಳವ್ವ."

ಒಂದು ಚೂರೂ ಕೊಂಕಿಲ್ಲದ ಮಾತು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ತಾನು ಅವರ ಮಗನಿಗೆ ಜಗಲಿಯಲ್ಲಿ ಕೊಟ್ಟದ್ದನ್ನು ಈ ತಾಯಿ ಮರ್ಯಾದೆಯಿಂದ, ತಪ್ಪು ತಮ್ಮದೇ ಎಂಬಂತೆ ಹಿಂದಕ್ಕೆ ಕೊಡುತ್ತಿದ್ದಾರೆ. ಪುಟ್ಟಸ್ವಾಮಿ ತಟ್ಟೆ ನೋಡುತ್ತಾ ಕೂತಿದ್ದ.

ಚೂಡಾಮಣಿ ಎದ್ದಳು. ಚಾಪೆ ಎಳೆದು ತಂದು ಅವನ ಪಕ್ಕದಲ್ಲಿ ಹಾಸಿ ಕೂತಳು.

"ನನಗೂ ಮುದ್ದೆ ಹಾಕಿ ಅಮ್ಮ. ಆದ್ರೆ ಅದಕ್ಕೂ ಮುಂಚೆ ಒಂದು ಮಾತು ಹೇಳಬೇಕು. ಕೇಳಿದ ಮೇಲೆ ಎಬ್ಬಿಸಿ ಕಳಿಸಿದ್ರೂ ಸರಿ."

ಹೇಳಿದಳು. ಪೊಟ್ಟಣ ಬಿಚ್ಚಿದ್ದು, ಒಂದನ್ನು ಎರಡು ಮಾಡಿದ್ದು, ಮೂರು ದಿನವೂ ನಲವತ್ತಕ್ಕೂ ಹಂಚಿದ್ದು. ಅಪ್ಪನ ತುಪ್ಪದ ಗಿಂಡಿಯ ಕಥೆಯನ್ನೂ ಹೇಳಿದಳು. ತಲೆ ಎತ್ತಲಿಲ್ಲ.

"ಏನಂದೆ ನೀನು?"

ಇಷ್ಟು ದಿನ ನೀವು, ಚೂಡಾಮಣಿಯವರೇ ಎನ್ನುತ್ತಿದ್ದವನು.

"ನಲವತ್ತು ಪ್ರಾಣ… ಈ ಕೈಯಿಂದ ಕೊಂದಿದ್ದೀನಿ. ಯಾಕೆ? ಗೊತ್ತಾಗಲಿ ಅಂತ. ಏನಾದರೂ ಒಂದು ಗೊತ್ತಾಗಲಿ ಅಂತ. ಕರುಣೆ ಅಂತ ನೀನು ಮಾಡಿದ್ದರಿಂದ ಅಷ್ಟೂ ಸುಮ್ಮನೆ ಸತ್ತವು. ಅವತ್ತೇ ಯಾಕೆ ಹೇಳಲಿಲ್ಲ?"

"ನಾಚಿಕೆಯಾಯ್ತು."

"ನಾಚಿಕೆ!"

ತಟ್ಟೆ ಮುಂದೆ ಬಿಟ್ಟು ಎದ್ದು ಹಿತ್ತಲಿಗೆ ಹೋದ. ಚೂಡಾಮಣಿಯ ಕಣ್ಣೀರು ತೊಟ್ಟಿಕ್ಕಿತು. ಅಂಕಮ್ಮ ಮುದ್ದೆಯ ಕೋಲು ಹಿಡಿದು ನಿಂತೇ ಇದ್ದರು. ಹಿತ್ತಲಿನ ಕಡೆ ತಿರುಗಿ ಕೇಳಿದರು.

"ಅದೆಲ್ಲ ಅಂಗಿರ್ಲಿ ಬುಡ್ಲಾ. ಎಲ್ಲಾ ಇಲಿನೂ ಪುಡಿ ತಿಂದ್ವು ಅಂತಾಯ್ತು. ತಿಂದಿದ್ಕೆ ಬೆಳುದ್ವೋ ಇಲ್ವೋ, ಅದ್ನೇಳು. ನಿಮ್ಮಪ್ಪಂಗೆ ಕೊಟ್ಟಿದ್ರೆ ಉಳೀತಿದ್ನೋ ಇಲ್ವೋ?"

ಹಿತ್ತಲಿನಿಂದ ದಡದಡ ಹೆಜ್ಜೆ. ಪುಟ್ಟಸ್ವಾಮಿ ಒಳಗೆ ಬಂದು, ಟ್ರಂಕು ತೆಗೆದು, ಹಳೆಯ ನೋಟುಪುಸ್ತಕವೊಂದನ್ನು ಹೊರಗೆಳೆದ. ಪುಟ ತಿರುವುತ್ತಾ ಹೋದವನು ಒಂದು ಕಡೆ ಬೆರಳಿಟ್ಟು ನಿಂತ.

"ಹೋದ ವರ್ಷ ಕೈ ಪಳಗಲಿ ಅಂತ ಹತ್ತು ಇಲಿಗೆ ಆಪರೇಷನ್ ಮಾಡಿದ್ದೆ. ಪುಡಿ ಇರಲಿಲ್ಲ ಆಗ. ಮೂರನೇ ದಿನಕ್ಕೆ ನಾಲ್ಕೂವರೆ ಗ್ರಾಂ… ಎಲ್ಲಾ ನಾಲ್ಕೂವರೆ ಹತ್ತಿರ." ತಲೆ ಎತ್ತಿದ. "ಈ ಸಲ ಎರಡೂ ಕಡೆ ಐದೂಕಾಲು. ನನಗೂ ಆಶ್ಚರ್ಯವಾಗಿತ್ತು. ನಿಮ್ಮ ರಾಗಿ ಉಂಡೆ ಒಗ್ಗಿದೆ ಅಂದ್ಕೊಂಡೆ."

"ಅಂದ್ರೆ… ಪುಡಿ ಕೆಲಸ ಮಾಡಿದೆಯಾ?"

"ಗೊತ್ತಿಲ್ಲ. ರಾಗಿಯೋ, ಪುಡಿಯೋ, ನನ್ನ ಕೈಯೋ. ಗೊತ್ತಾಗಬೇಕಾದ್ರೆ ಮೊದಲಿನಿಂದ ಮಾಡಬೇಕು. ಅಂತೂ ಪ್ರಯೋಜನವಿಲ್ಲ ಅಂತ ಬರೆಯೋ ಹಾಗಿಲ್ಲ."

"ಕಾಗದ ನಾಳೆ ಬೆಳಿಗ್ಗೆ ಟಪಾಲಿಗೆ ಹೋಗುತ್ತೆ."

"ಮೂರು ಗಂಟೆ ಬಸ್ಸಿದೆ. ಊಟ ಮಾಡಿ, ಹೊರಡೋಣ."

ಅಂಕಮ್ಮ ಅವಳ ಮುಂದೆ ತಟ್ಟೆಯಿಟ್ಟು ಮುದ್ದೆ ಹಾಕಿದರು. ಅವಳು ಊಟಕ್ಕೆ ಕೈ ಹಾಕಲಿಲ್ಲ.

"ಅದು ಇಲಿಗಳ ಮಾತಾಯ್ತು. ಲೋಟದ ಮಾತು ಇನ್ನೂ ಹೇಳಿಲ್ಲ."

"ಅದು ಬಿಡಿ…"

"ಬಿಡಲ್ಲ. ಹೇಳಿದ್ದು ಅಮ್ಮ. ಆದ್ರೆ ನೀರು ಹೊಯ್ದದ್ದು ನಾನು. ಇಲಿಗಳ ವಿಷಯದಲ್ಲಿ ತಿಳೀದೆ ಮಾಡಿದೆ ಅಂತಾದರೂ ಹೇಳಬಹುದು. ಇದು ತಿಳಿದೂ ಮಾಡಿದ್ದು. ನೀವು ತಿರುಗಿ ಬರದೇ ಇದ್ದಿದ್ರೆ ನನಗೆ ತಪ್ಪು ಅಂತಲೂ ಅನ್ನಿಸ್ತಿರಲಿಲ್ಲವೇನೋ. ಅದಕ್ಕೇ ಹೆಚ್ಚು ನಾಚಿಕೆ."

ಪುಟ್ಟಸ್ವಾಮಿ ಪಕ್ಕದಲ್ಲಿ ಕೂತು, ತನ್ನ ಸಾರಿನ ಬಟ್ಟಲನ್ನು ಅವಳ ಕಡೆ ಸರಿಸಿದ.

ಅವಳು ಮುದ್ದೆ ಮುರಿದು ಬಾಯಿಗಿಟ್ಟು ಅಗಿದಳು. ಮುದ್ದೆ ಹಲ್ಲಿಗೆ, ಅಂಗುಳಿಗೆ, ಎಲ್ಲ ಕಡೆ ಮೆತ್ತಿಕೊಂಡಿತು. ಕಣ್ಣೀರಿನ ಜೊತೆ ಅದನ್ನು ನುಂಗಲಾರದೆ ಒದ್ದಾಡುವುದನ್ನು ನೋಡಿ ಅಂಕಮ್ಮ, "ಅಗೀಬಾರ್ದು ಕಣವ್ವ, ನುಂಗ್ಬುಡು" ಎಂದರು.

ಪುಟ್ಟಸ್ವಾಮಿ ತಲೆ ಆಚೆ ತಿರುಗಿಸಿದ. ಆದರೂ ಅವಳಿಗೆ ಕಂಡಿತು, ಅವನ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು.

*

ಕಾಗದ ಟಪಾಲಿಗೆ ಬೀಳಲಿಲ್ಲ. ಪ್ರೊಫೆಸರು ಚೂಡಾಮಣಿಯನ್ನು ಒಂದು ಗಂಟೆ ಚೆನ್ನಾಗಿ ಬೈದರು. ಅವಳು ಪೂರ್ತಿ ಕೇಳಿಸಿಕೊಂಡಳು. ಮನಸ್ಸಿಗೆ ಎಷ್ಟೋ ಹಗುರವಾಯಿತು. ಬೈದು ಮುಗಿದ ಮೇಲೆ, "ನಾಳೆಯಿಂದ ಗೂಡು ತೊಳೆದಿಡು" ಎಂದರು. ರಾಯಚೂರಿಗೆ ಹೋಗುವವನೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಹೊಸ ನಲವತ್ತು ಇಲಿ ಬಂದವು. ಆಪರೇಷನ್ನಿನ ಸಂಜೆ ಪುಟ್ಟಸ್ವಾಮಿ ಇಪ್ಪತ್ತು ಪೊಟ್ಟಣ ಅವಳ ಕೈಯಲ್ಲಿಟ್ಟ.

"ಬಲಗಡೆಯವಕ್ಕೆ ಬರೀ ರಾಗಿ. ಆಗುತ್ತಾ?"

"ಆಗಲ್ಲ," ಎಂದಳು. "ಆದ್ರೂ ಮಾಡ್ತೀನಿ."

ಮೂರು ದಿನವೂ ಬಲಗಡೆಯ ಒಂದೊಂದು ಗೂಡಿನ ಮುಂದೂ ನಿಂತು ತಪ್ಪಾಯ್ತು ಎಂದು ಹೇಳಿಯೇ ಉಂಡೆ ಇಟ್ಟಳು. ಇಲಿಗಳಿಗೆ ಅರ್ಥವಾಯಿತೋ ಇಲ್ಲವೋ. ತೂಗುವ ದಿನ ಬಾವಿಕಟ್ಟೆಗೆ ಓಡಲಿಲ್ಲ. ಮೇಜಿನ ಪಕ್ಕ ನಿಂತು ಅಂಕಿಗಳನ್ನು ಅವಳೇ ಬರೆದುಕೊಂಡಳು. ಎಡಗಡೆಯವು ಹೆಚ್ಚು ತೂಗಿದವು. ಸ್ವಲ್ಪವೇ, ಆದರೆ ಹೆಚ್ಚು.

"ಹಿಗ್ಗಬೇಡಿ," ಎಂದರು ಪ್ರೊಫೆಸರು, ತಾವೇ ಹಿಗ್ಗಿ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಾ. "ಇನ್ನೂ ಮೂರು ಸಲ ಮಾಡಬೇಕು. ಮನುಷ್ಯರಿಗೆ ಕೊಡೋದು ದೂರದ ಮಾತು."

ಮರುದಿನ ಸಂಜೆ ಪುಟ್ಟಸ್ವಾಮಿ ಮತ್ತೆ ಅವಳ ಮನೆಗೆ ಬಂದ. ಅದೇ ಇಸ್ತ್ರಿ ಅಂಗಿ, ಅದೇ ಕೊಡೆ. ಜಗಲಿಯ ಮೇಲೆ ಕೂರಲು ಹೋದ.

"ಅಲ್ಲಲ್ಲ," ಎಂದಳು ಚೂಡಾಮಣಿ. "ಒಳಗೆ."

ಅವನು ಗೋದಮ್ಮನ ಕಡೆ ನೋಡಿದ. ಗೋದಮ್ಮ ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತಿದ್ದಳು. ಬಾ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಒಳಗೆ ಮಣೆಯ ಮೇಲೆ ಕೂತವನ ಕೈಗೆ ಚೂಡಾಮಣಿ ತನ್ನ ಕಾಫಿಯಲ್ಲಿ ಅರ್ಧ ಬಗ್ಗಿಸಿ ಕೊಟ್ಟಳು. ಬೆಳ್ಳಿ ಲೋಟ. ಅಂಚಿನಲ್ಲಿ ಅಪ್ಪನ ಹೆಸರು ಕೊರೆದಿತ್ತು.

"ಎತ್ತಿ ಕುಡೀಲಾ?" ಪಿಸುಗುಟ್ಟಿದ ಅವನು.

"ಬೇಡ. ಕಚ್ಚಿ ಕುಡೀರಿ."

ಕುಡಿದ. ಖಾಲಿ ಲೋಟ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ಅವಳ ಮುಖ ನೋಡಿದ. ಅವಳು ಲೋಟ ತೆಗೆದುಕೊಂಡು, ನೀರು ಹೊಯ್ಯದೆ, ಹಾಗೇ ಅದಕ್ಕೆ ತನ್ನ ಕಾಫಿ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಳು.

ಒಲೆಯ ಮುಂದೆ ಬೆಂಕಿ ಊದುವ ಸದ್ದು ನಿಂತಿತು.

"ಅವತ್ತು ಒಂದು ಮಾತು ಕೇಳೋಕೆ ಬಂದಿದ್ದೆ," ಎಂದ ಪುಟ್ಟಸ್ವಾಮಿ. "ಚೂಡಾಮಣಿಯವರೇ, ನೀವು…"

"ನೀನು ಅನ್ನಿ. ಸಿಟ್ಟು ಬಂದಾಗ ಅಂದಿದ್ರಲ್ಲ… ಅದೇ ಚೆನ್ನಾಗಿತ್ತು."

"ನೀನು… ನನ್ನ ಜೊತೆ ಬಾಳ್ತೀಯಾ?"

ಅವಳ ಕಣ್ಣು ತುಂಬಿತು. ತಲೆಯಾಡಿಸಿದಳು. ಅದು ಹೌದೆಂದೋ ಇಲ್ಲವೆಂದೋ ಅವನಿಗೆ ಅನುಮಾನ ಬಾರದಿರಲೆಂದು, "ಹೂಂ" ಎಂದಳು ಗಟ್ಟಿಯಾಗಿ.

ಒಲೆಯ ಕಡೆಯಿಂದ ಗೋದಮ್ಮನ ದನಿ ಬಂತು. ತಿರುಗಿ ನೋಡದೆಯೇ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು.

"ಅರ್ಧ ಲೋಟ ಕಾಫಿ ಕೊಟ್ಟು ಕೂರಿಸಿದ್ದೀಯಲ್ಲೇ ಅವರನ್ನ. ಇನ್ನಷ್ಟು ಬೆರೆಸ್ತಾ ಇದೀನಿ, ಬಂದು ತಗೊಂಡು ಹೋಗು. ಕೂರಿಸಿದವರಿಗೆ ಅರ್ಧ ಬಡಿಸಿದ್ರೆ ನಿಮ್ಮಪ್ಪ ಸಹಿಸ್ತಿರಲಿಲ್ಲ."